ಜಾಜು ಹಚ್ಚಿದ ಕಾಲು

ಮೋರಖಂಡಿಯ ಧೂಳಮ್ಮನಿಗೆ ಬಲಗಾಲು ನೋಯಲು ಶುರುವಾದದ್ದು ಎಳ್ಳಮಾವಾಸ್ಯೆಯ ಮುಂಚೆ. ಕಿರುಬೆರಳಿನ ಹಿಂದೆ, ಅಂಗಾಲಿನ ಹೊರ ಅಂಚಿನಲ್ಲಿ, ಹೆಬ್ಬೆರಳು ಒತ್ತಿದಷ್ಟೇ ಜಾಗ. ಮೊದಮೊದಲು ಮುಂಜಾನೆ ಎದ್ದು ನೆಲಕ್ಕೆ ಕಾಲಿಟ್ಟಾಗ ಮಾತ್ರ ಚುಚ್ಚುತ್ತಿತ್ತು, ಹತ್ತು ಹೆಜ್ಜೆ ಹಾಕಿದರೆ ಮರೆತುಹೋಗುತ್ತಿತ್ತು. ಆಮೇಲೆ ಆಡು ಹೊಡೆದುಕೊಂಡು ಹಳ್ಳದ ದಂಡೆ ಮುಟ್ಟುವಷ್ಟರಲ್ಲಿ ಚುಚ್ಚತೊಡಗಿತು. ಶಿವರಾತ್ರಿ ಹೊತ್ತಿಗೆ ಕೂತರೂ ನೋವು, ನಿಂತರೂ ನೋವು. ಆಕೆ ಹಿಮ್ಮಡಿಯ ಮೇಲೆ ಭಾರ ಬಿಟ್ಟು, ಪಾದವನ್ನು ಒಳಗಡೆ ವಾಲಿಸಿ ನಡೆಯುವುದನ್ನು ಕಲಿತಳು. ಯಾರಾದರೂ ಕೇಳಿದರೆ ಚಪ್ಪಲಿ ಕಚ್ಚಿದೆ ಅನ್ನುತ್ತಿದ್ದಳು.

ಆಕೆಗೆ ಅರವತ್ತೆರಡೋ ಅರವತ್ತಮೂರೋ. ಮದುವೆಯಾಗಿ ಬಂದ ದಿನದಿಂದ ಆಡು ಕಾಯುವುದೇ ಕೆಲಸ. ಆ ಮನೆಯಲ್ಲಿ ಕುರಿ ಹಿಂಡು ಗಂಡಸರದು. ಸುಗ್ಗಿ ಮುಗಿಯಿತೆಂದರೆ ಅದನ್ನು ಹೊಡೆದುಕೊಂಡು ತೆಲಂಗಾಣದ ಕಡೆ ಹೊರಟರೆ ಮಳೆ ಬೀಳುವ ತನಕ ಬರುವುದಿಲ್ಲ. ಊರಲ್ಲಿ ಉಳಿಯುವ ಆಡು ಹೆಂಗಸರವು. ಈಗ ಹಿಂಡಿನ ಹಿಂದೆ ಹೋಗುವವನು ಮಗ ಸೂರ್ಯಕಾಂತ. ಧೂಳಮ್ಮನ ಪಾಲಿಗೆ ಇಪ್ಪತ್ತೆರಡು ಆಡು, ಸೊಸೆ ಪೂನಂ, ಎರಡು ಎಕರೆ ತೊಗರಿ. ದಿನಕ್ಕೆ ಎರಡು ಹರದಾರಿ ನಡೆಯದಿದ್ದರೆ ಆಡಿನ ಹೊಟ್ಟೆ ತುಂಬುವುದಿಲ್ಲ. ಆಡು ಕಾಯುವವರಿಗೆ ಕಾಲೇ ಹೊಲ, ಕಾಲೇ ಎತ್ತು ಅಂತ ಆಕೆಯ ಅತ್ತೆ ಹೇಳುತ್ತಿದ್ದಳು.

ನೋವನ್ನು ಮುಚ್ಚಿಟ್ಟದ್ದಕ್ಕೆ ಕಾರಣವಿತ್ತು. ಆರು ವರ್ಷದ ಕೆಳಗೆ ಗಂಡ ಬಸವಣಪ್ಪನಿಗೆ ಸಕ್ಕರೆ ಬೇನೆ ಏರಿ ಹೆಬ್ಬೆರಳಿನ ಗಾಯ ಕಪ್ಪಾಯಿತು. ದೂರದ ದೊಡ್ಡ ದವಾಖಾನೆಗೆ ಒಯ್ದರು. ಬೆರಳು ತೆಗೆಯಬೇಕು ಅಂದರು, ತೆಗೆದರು. ಹದಿನೈದು ದಿನಕ್ಕೆ ಕಾಲೇ ತೆಗೆಯಬೇಕು ಅಂದರು. ಆ ಮಾತನ್ನು ಬಸವಣಪ್ಪನಿಗೆ ಹೇಳುವ ಧೈರ್ಯ ಯಾರಿಗೂ ಇರಲಿಲ್ಲ. ಕಡೆಗೆ ಧೂಳಮ್ಮನೇ ಹಾಸಿಗೆಯ ಪಕ್ಕ ಕೂತು, ಹಳೆ ಪಟ್ಟಿ ಬಿಚ್ಚಿ ಹೊಸದು ಕಟ್ಟುತ್ತಾರಂತೆ, ಒಂದು ತಾಸಿನ ಕೆಲಸ ಅಂತ ಹೇಳಿದಳು. ಅವನು ನಂಬಿದ. ಎಚ್ಚರಾದಾಗ ಹೊದಿಕೆ ಒಂದು ಕಡೆ ಮೊಣಕಾಲಿನ ಕೆಳಗೆ ಹಾಸಿಗೆಗೆ ಅಂಟಿ ಬಿದ್ದಿತ್ತು. ಅದನ್ನು ನೋಡಿದ, ಹೆಂಡತಿಯ ಮುಖ ನೋಡಿದ. ಅಲ್ಲಿಂದ ಹನ್ನೊಂದು ತಿಂಗಳು ಬದುಕಿದ್ದ. ಹನ್ನೊಂದು ತಿಂಗಳಲ್ಲಿ ಒಂದು ಸಲವೂ ಆ ಮಾತು ಎತ್ತಲಿಲ್ಲ.

ಹಾಗಾಗಿ ಆ ಮನೆಯಲ್ಲಿ ಕಾಲು ನೋವು ಅನ್ನುವುದು ಸುಮ್ಮನೆ ಬಾಯಿಗೆ ಬರುವ ಮಾತಾಗಿರಲಿಲ್ಲ.

ಕಂಡುಹಿಡಿದವಳು ಪೂನಂ. ಹೋಳಿ ಹುಣ್ಣಿಮೆಯ ಮರುದಿನ ಅತ್ತೆಯ ಸವೆದ ಚಪ್ಪಲಿಗಳನ್ನು ತಿಪ್ಪೆಗೆಸೆಯಲು ಎತ್ತಿಕೊಂಡಾಗ, ಬಲದ್ದು ಹಿಮ್ಮಡಿಯಲ್ಲಿ ತೂತು ಬಿದ್ದಿದ್ದೂ ಬೆರಳಿನ ಕಡೆ ಹೊಸದರ ಹಾಗೆ ಇದ್ದದ್ದೂ ಆಕೆಯ ಕಣ್ಣಿಗೆ ಬಿತ್ತು. ಸಂಜೆ ಅತ್ತೆ ಕಾಲು ತೊಳೆಯುವಾಗ ಬಗ್ಗಿ ಹಿಡಿದು ನೋಡಿದಳು. ಅಂಗಾಲಿನ ಅಂಚಿನಲ್ಲಿ ಕಡಲೆಕಾಯಿಯಷ್ಟು ಬಾವು, ಗಟ್ಟಿ. ಧೂಳಮ್ಮ ಕಾಲೆಳೆದುಕೊಂಡು ಬೈದಳು. ಪೂನಂ ತಿರುಗಿ ಬೈಯಲಿಲ್ಲ. ಹುಮನಾಬಾದ ತಾಲೂಕಿನ ದುಬಲಗುಂಡಿಯಿಂದ ಬಂದ ಹುಡುಗಿ ಆಕೆ, ಹನ್ನೆರಡನೇ ಇಯತ್ತೆ ಓದಿದವಳು, ಹಟದಲ್ಲಿ ಅತ್ತೆಗಿಂತ ಒಂದು ಕೈ ಮೇಲು. ಮರುದಿನ ಆಡುಗಳನ್ನು ನೆರೆಮನೆಯ ಅಂಬುಬಾಯಿಗೆ ಒಪ್ಪಿಸಿ, ಅತ್ತೆಯನ್ನು ಬಸವಕಲ್ಯಾಣಕ್ಕೆ ಕರೆದುಕೊಂಡು ಹೋದಳು.

ಡಾಕ್ಟರು ಮೊದಲು ರಕ್ತ ನೋಡಿಸಿದರು. ಸಕ್ಕರೆ ಇಲ್ಲ ಅಂದರು. ಧೂಳಮ್ಮನಿಗೆ ಒಂದು ಕ್ಷಣ ಜೀವ ಹಗುರಾಯಿತು. ಆಮೇಲೆ ಎಕ್ಸರೇ ಮಾಡಿಸಿ ಅಂದರು. ಒಳಗಿನ ಕೋಣೆಯಲ್ಲಿ ಒಬ್ಬ ಆಕೆಯ ಪಾದವನ್ನು ತಣ್ಣನೆಯ ಹಲಗೆಯ ಮೇಲಿಟ್ಟು, ಅಲುಗಾಡಬೇಡಿ ಅಂತ ಹೇಳಿ ಗೋಡೆಯ ಹಿಂದೆ ಹೋಗಿ ನಿಂತ. ಏನೂ ಅಪಾಯವಿಲ್ಲದಿದ್ದರೆ ಇವನೇಕೆ ಗೋಡೆಯ ಹಿಂದೆ ಹೋದ ಅಂತ ಆಕೆಗೆ ಆಗಲೇ ಅನುಮಾನ ಬಂತು. ಒಂದು ಸಲ ನೇರವಾಗಿ, ಒಂದು ಸಲ ಪಾದ ವಾರೆ ಮಾಡಿಸಿ, ಎರಡು ಫೋಟೋ. ಕಪ್ಪು ಹಾಳೆ ಬಂತು.

ಡಾಕ್ಟರು ಅದನ್ನು ಬೆಳಕಿನ ಡಬ್ಬಿಗೆ ಸಿಕ್ಕಿಸಿದಾಗ ಧೂಳಮ್ಮ ತನ್ನ ಎಲುಬು ತಾನೇ ನೋಡಿದಳು. ಬೆರಳೊಂದೊಂದರಲ್ಲಿ ಎರಡು ಮೂರು ತುಂಡು, ಹಿಂದೆ ಉದ್ದದ ಐದು ಕಡ್ಡಿ. ಮಾಂಸವಿಲ್ಲ, ಚರ್ಮವಿಲ್ಲ. ಜೀವ ಇದ್ದವರಿಗೆ ಕಾಣಬಾರದ್ದು ಅನಿಸಿ ಸೆರಗನ್ನು ಬಾಯಿಗೆ ಹಿಡಿದಳು. ಡಾಕ್ಟರು ಪೆನ್ನಿನ ತುದಿಯನ್ನು ಕಿರುಬೆರಳಿನ ಹಿಂದಿನ ಕಡ್ಡಿಯ ಮೇಲಿಟ್ಟರು. ಅಲ್ಲಿ ಜೋಳದ ಕಾಳಿನಷ್ಟು ಜಾಗ ಕಪ್ಪಾಗಿತ್ತು, ಹುಳ ಕೊರೆದ ಕಾಳಿನ ಹಾಗೆ. ಆಮೇಲೆ ಅವರು, ಅಜ್ಜಿಯನ್ನು ಹೊರಗೆ ಕೂಡಿಸಿ ಅಂತ ಪೂನಂಗೆ ಹೇಳಿದರು.

ಇಲ್ಲಿ ಆದದ್ದನ್ನು ಸರಿಯಾಗಿ ಹೇಳಬೇಕು. ನರ್ಸು ಧೂಳಮ್ಮನ ರಟ್ಟೆ ಹಿಡಿದು ಹೊರಗೆ ನಡೆಸುತ್ತಿದ್ದಳು. ಕಾಲು ನೋವಿನವಳು, ಬಾಗಿಲು ದಾಟಲು ಹೊತ್ತು ಹಿಡಿಯಿತು. ಬೆನ್ನ ಹಿಂದೆ ಡಾಕ್ಟರ ಮಾತು ಕಿವಿಗೆ ಬಿತ್ತು:

"ಕಾಲಿಂದ ತೆಗೀಬೇಕು. ಇಲ್ಲಿ ಆಗಂಗಿಲ್ಲ, ಹುಮನಾಬಾದಿಗಿ ಕರಕೊಂಡು ಹೋಗ್ರಿ. ಭಾಳ ದಿನ ಬಿಡಬ್ಯಾಡ್ರಿ."

ಡಾಕ್ಟರು ಹೇಳಿದ್ದು ಇನ್ನೊಂದು ಬಗೆಯ ಚಿತ್ರ ತೆಗೆಯುವ ಮಾತು. ನಮ್ಮ ಕಡೆ ಫೋಟೋವನ್ನೂ ತೆಗೆಯುತ್ತಾರೆ, ಕೆಟ್ಟ ಬೆರಳನ್ನೂ ತೆಗೆಯುತ್ತಾರೆ, ಹಿಂಡಿನಿಂದ ಕಟುಕನಿಗೆ ಕೊಡುವ ಆಡನ್ನೂ ತೆಗೆಯುತ್ತಾರೆ. ಮರಾಠಿಯಲ್ಲಿ ಹೇಳಿದರೂ ಹಾಗೇ, ಉರ್ದುವಿನಲ್ಲಿ ಹೇಳಿದರೂ ಹಾಗೇ. ಬಸವಣಪ್ಪನ ಹೆಂಡತಿಗೆ ಆ ಮಾತಿಗೆ ಒಂದೇ ಅರ್ಥ ಗೊತ್ತಿತ್ತು.

ಪೂನಂ ಹೊರಗೆ ಬಂದಾಗ ಮುಖ ಬಿಳಿಚಿಕೊಂಡಿತ್ತು. ಏನಂದರು ಅಂತ ಧೂಳಮ್ಮ ಕೇಳಿದಳು. ಸೊಸೆ ಬೇರೆ ಕಡೆ ನೋಡುತ್ತ, "ಏನಿಲ್ರಿ ಅತ್ತಿ, ಹುಮನಾಬಾದಿನಾಗ ಒಂದು ಸ್ಕ್ಯಾನಿಂಗ್ ಮಾಡಸ್ಬೇಕಂತ. ಒಂದು ತಾಸಿನ ಕೆಲಸ" ಅಂದಳು.

ಒಂದು ತಾಸಿನ ಕೆಲಸ. ಅದೇ ಮಾತು, ಅದೇ ದನಿ, ಹಾಗೆಯೇ ಮುಖ ತಿರುಗಿಸಿಕೊಂಡು ಹೇಳಿದ್ದು. ತನ್ನ ಬಾಯಿಂದ ಹೋದ ಸುಳ್ಳು ಆರು ವರ್ಷ ತಿರುಗಾಡಿ ಸೊಸೆಯ ಬಾಯಿಂದ ತನಗೇ ಬಂತು ಅಂತ ಧೂಳಮ್ಮನಿಗೆ ಅನಿಸಿತು. ತಿರುಗಿ ಏನೂ ಕೇಳಲಿಲ್ಲ. ಬಸವಣಪ್ಪನೂ ಕೇಳಿರಲಿಲ್ಲ.

ಹುಮನಾಬಾದಿನಲ್ಲಿ ಆ ಸ್ಕ್ಯಾನಿಂಗ್ ಮಾಡುವ ಡಾಕ್ಟರಮ್ಮ ಬರುವುದು ಗುರುವಾರ ಮಾತ್ರ. ಅಂದು ಶನಿವಾರ. ನಡುವೆ ನಾಲ್ಕು ದಿನ.

ಆ ನಾಲ್ಕು ದಿನ ಧೂಳಮ್ಮ ಸುಮ್ಮನೆ ಕೂಡಲಿಲ್ಲ. ಭಾನುವಾರ ಪೂನಂಳನ್ನು ಕೊಟ್ಟಿಗೆಗೆ ಕರೆದು ಒಂದೊಂದು ಆಡಿನ ಗುಣ ಹೇಳಿಕೊಟ್ಟಳು. ಬಿಳಿ ಕಿವಿಯದು ಹಾಲು ಕರೆಯುವಾಗ ಎಡಕ್ಕೆ ಒದೆಯುತ್ತದೆ, ಮೋಟು ಕೊಂಬಿನದು ತೊಗರಿಗೆ ನುಗ್ಗುತ್ತದೆ, ಅದನ್ನು ಮುಂದೆ ಬಿಡಬಾರದು, ಕರಿಯ ಎರಡು ಒಂದೇ ಹೊಟ್ಟೆಯವು, ಅಗಲಿಸಿದರೆ ಮೇಯುವುದಿಲ್ಲ. ಪೂನಂ ಎಲ್ಲಕ್ಕೂ ಹೂಂ ಅನ್ನುತ್ತಿದ್ದವಳು ನಡುವೆ ಎದ್ದು ಹೊರಗೆ ಹೋಗಿ ಮೂಗು ಒರೆಸಿಕೊಂಡು ಬಂದಳು. ಅತ್ತೆ ಸಾಯುವ ತಯಾರಿ ಮಾಡುತ್ತಿದ್ದಾಳೆ ಅಂತ ಅವಳು ತಿಳಿದಳು. ಸೊಸೆಗೆ ಎಲ್ಲ ಗೊತ್ತಿದೆ, ಅದಕ್ಕೇ ಅಳುತ್ತಾಳೆ ಅಂತ ಇವಳು ತಿಳಿದಳು.

ಸೋಮವಾರ ಪೂನಂ ಫೋನು ಹಿಡಿದು ಬೇವಿನ ಗಿಡದ ಕೆಳಗೆ ನಿಂತು ಗಂಡನ ಜೊತೆ ಮಾತಾಡುತ್ತಿದ್ದಳು. ಧೂಳಮ್ಮ ಗೋಡೆಯ ಈಚೆ ಜೋಳ ಹಸನು ಮಾಡುತ್ತಿದ್ದಳು. "ಅತ್ತಿಗಿ ಹೇಳಿಲ್ಲ. ಹ್ಯಾಂಗ ಹೇಳ್ಲಿ?" ಅನ್ನುವುದಷ್ಟೇ ಕೇಳಿಸಿತು. ಮೊರದಲ್ಲಿದ್ದ ಜೋಳ ನೆಲಕ್ಕೆ ಚೆಲ್ಲಿತು. ಒಂದೊಂದೇ ಕಾಳು ಆರಿಸಿದಳು.

ಅಂದು ಮಧ್ಯಾಹ್ನ ಪೂನಂ ಹೊಲಕ್ಕೆ ಹೋದಾಗ, ಅಟ್ಟದ ಮೇಲಿದ್ದ ಗಂಡನ ಬಗಲುಕೋಲನ್ನು ಕೆಳಗಿಳಿಸಿ ಧೂಳು ಒರೆಸಿದಳು. ಕೊಟ್ಟಿಗೆಯಲ್ಲಿ ಬಲಗಾಲು ಮಡಚಿ ನಿಂತು ನೋಡಿದಳು. ಕೋಲು ಎತ್ತರ, ಬಗಲಿಗೆ ಒತ್ತಿ ಭುಜ ಕಿವಿಗೆ ಬಂತು. ಕೋಲನ್ನು ನಾಲ್ಕು ಬೆರಳಿನಷ್ಟು ಕೊಯ್ಯಿಸಬೇಕು ಅಂತ ಅಳೆದುಕೊಂಡಳು. ಮೂರು ಹೆಜ್ಜೆ ಹೋಗಿ ಗೋಡೆ ಹಿಡಿದಳು. ಮೂರು ಹೆಜ್ಜೆಗೆ ಮೈ ಬೆವತಿತ್ತು. ಹಳ್ಳದ ದಂಡೆಗೆ ಎಷ್ಟು ಹೆಜ್ಜೆ ಅಂತ ಆಕೆ ಯಾವತ್ತೂ ಎಣಿಸಿರಲಿಲ್ಲ. ಅಂದು ಮೊದಲ ಸಲ ಎಣಿಸಬೇಕು ಅನಿಸಿತು, ಎಣಿಸಲು ಹೆದರಿಕೆಯಾಯಿತು.

ಊರಿಗೆ ಸುದ್ದಿ ಹೋಗದೆ ಇರುತ್ತದೆಯೇ. ಬೋರಿನ ಹತ್ತಿರ ಅಂಬುಬಾಯಿ ಕೊಡ ತುಂಬಿಸುತ್ತ ಎಲ್ಲರಿಗೂ ಕೇಳುವ ಹಾಗೆ ಕೇಳಿದಳು:

"ಧೂಳಕ್ಕ, ಈ ವಯಸ್ಸಿನಾಗ ನಿನಗ ಸ್ಕ್ಯಾನಿಂಗ್ ಯಾಕ ಬೇಕಾತವ್ವ? ಗಂಡೋ ಹೆಣ್ಣೋ ನಮಗೂ ಹೇಳು, ತೊಟ್ಟಿಲ ತರ್ತೀವಿ."

ಹೆಂಗಸರೆಲ್ಲ ನಕ್ಕರು. ಧೂಳಮ್ಮನೂ ನಕ್ಕಳು, ಅವಳಿಜವಳಿ ಇರಬಹುದು, ಎರಡು ತೊಟ್ಟಿಲು ತಾ ಅಂದಳು. ಆದರೆ ಮನೆಗೆ ಬರುವಾಗ ಅದೇ ಮಾತು ಹಿಂದೆ ಹಿಂದೆ ಬಂತು. ಹೌದಲ್ಲ, ಸ್ಕ್ಯಾನಿಂಗು ಬಸುರಿಯರಿಗೆ ಮಾಡುತ್ತಾರೆ. ಕಾಲಿಗೆ ಯಾರು ಮಾಡುತ್ತಾರೆ? ಸುಳ್ಳು ಹೇಳುವುದಾದರೂ ಪೂನಂ ಇನ್ನೊಂದಿಷ್ಟು ಯೋಚಿಸಿ ಹೇಳಬಾರದಿತ್ತೇ?

ಮಂಗಳವಾರ ದೇವಿದಾಸ ಬಂದ. ಸಾಲೆಯಲ್ಲಿ ಜವಾನನಾಗಿದ್ದು ನಿವೃತ್ತನಾದವನು, ಸೊಂಟದ ನೋವಿಗೆ ಹತ್ತಾರು ಎಕ್ಸರೇ ಮಾಡಿಸಿಕೊಂಡವನು, ಆ ಓಣಿಯಲ್ಲಿ ಕಪ್ಪು ಹಾಳೆ ಓದುವುದು ಅವನೇ. ಹಾಳೆಯನ್ನು ಸೂರ್ಯನಿಗೆ ಹಿಡಿದು, ಒಂದು ಕಣ್ಣು ಮುಚ್ಚಿ ಬಹಳ ಹೊತ್ತು ನೋಡಿದ. ಆಮೇಲೆ ಧೂಳಮ್ಮನ ಕಾಲು ನೋಡಿದ.

"ನೋವು ಯಾವ ಕಾಲಾಗ ಅದವ್ವ?"

"ಬಲಗಾಲಾಗ."

"ಇದು ಎಡಗಾಲು ಅದಲ್ಲ. ಕಿರಿಬೆರಳು ಈ ಕಡಿ ಅದ ನೋಡು."

ನಿಜ ಹೇಳಬೇಕೆಂದರೆ ಅವನು ಹಾಳೆಯನ್ನು ಹಿಂದುಮುಂದಾಗಿ ಹಿಡಿದಿದ್ದ. ಗಾಜಿನಂಥ ಹಾಳೆ, ತಿರುಗಿಸಿ ಹಿಡಿದರೆ ಬಲಗಾಲು ಎಡಗಾಲಾಗಿ ಕಾಣುತ್ತದೆ. ಅದು ಅವನಿಗೂ ಗೊತ್ತಿರಲಿಲ್ಲ, ಆಕೆಗೂ ಗೊತ್ತಿರಲಿಲ್ಲ. ದೇವಿದಾಸ, ಎಲ್ಲೋ ಒಬ್ಬನ ಚೆನ್ನಾಗಿದ್ದ ಕಣ್ಣಿಗೇ ಆಪರೇಶನ್ ಮಾಡಿದರಂತೆ ಅನ್ನುವ ಕಥೆಯನ್ನೂ ಹೇಳಿ, ಚಹಾ ಕುಡಿದು ಹೋದ.

ಬುಧವಾರವಿಡೀ ಧೂಳಮ್ಮನಿಗೆ ಊಟ ಸೇರಲಿಲ್ಲ. ಒಂದು ಕಾಲು ಹೋಗುವುದಕ್ಕೆ ಆಕೆ ಹೇಗೋ ಮನಸ್ಸು ಕಲ್ಲು ಮಾಡಿಕೊಳ್ಳುತ್ತಿದ್ದಳು. ಈಗ ಹಾಳೆ ನೋಡಿ ಎಡಗಾಲು ತೆಗೆದು, ಆಮೇಲೆ ತಪ್ಪು ಗೊತ್ತಾಗಿ ಬಲಗಾಲೂ ತೆಗೆದರೆ? ಪೂನಂಗೆ ಹೇಳಿದರೆ ತನಗೆ ಎಲ್ಲ ಗೊತ್ತಿದೆ ಅಂತ ಆಗುತ್ತದೆ. ಗೊತ್ತಾದರೆ ಆ ಹುಡುಗಿ ಇನ್ನೇನು ಸುಳ್ಳು ಕಟ್ಟಬೇಕೋ. ಸುಳ್ಳು ಕಟ್ಟುವುದು ಎಷ್ಟು ಕಷ್ಟ ಅಂತ ಧೂಳಮ್ಮನಿಗೆ ಗೊತ್ತಿತ್ತು.

ಆಗ ಆಕೆಗೆ ನೆನಪಾದದ್ದು ಜಾಜು. ವ್ಯಾಪಾರಿ ಬಂದು ಆಡು ಆರಿಸಿದಾಗ, ಕೊಡುವ ಆಡಿನ ನೆತ್ತಿಗೆ ಜಾಜು, ಅಂದರೆ ಕೆಮ್ಮಣ್ಣು, ಬಳಿಯುವುದು ಆಡು ಕಾಯುವವರ ಪದ್ಧತಿ. ಜಾಜು ಬಿದ್ದದ್ದನ್ನು ತೆಗೆಯಬೇಕು, ಬೀಳದ್ದನ್ನು ಮುಟ್ಟಬಾರದು. ಆಮೇಲೆ ಅದಲು ಬದಲು ಅನ್ನುವ ಮಾತಿಲ್ಲ, ಜಗಳವಿಲ್ಲ. ನಲವತ್ತು ವರ್ಷದಲ್ಲಿ ನೂರಾರು ನೆತ್ತಿಗೆ ಬಳಿದಿದ್ದಳು. ಬಳಿದ ಮೇಲೆ ಆ ಆಡಿನ ಕಣ್ಣು ನೋಡುತ್ತಿರಲಿಲ್ಲ, ಅಷ್ಟೇ.

ಗುರುವಾರ ಮುಂಜಾನೆ ಪೂನಂ ಬುತ್ತಿ ಕಟ್ಟುವಾಗ, ಧೂಳಮ್ಮ ಕೊಟ್ಟಿಗೆಯಲ್ಲಿ ಕೂತು ಜಾಜನ್ನು ಎಣ್ಣೆಯಲ್ಲಿ ಕಲಸಿದಳು, ನೀರು ಬಿದ್ದರೂ ಹೋಗಬಾರದು ಅಂತ. ಬಲಪಾದದ ಮೇಲೆ, ಬೆರಳಿನ ಬುಡದಿಂದ ಕಾಲುಗಿಣ್ಣಿನ ತನಕ ಮೂರು ಗೆರೆ ಎಳೆದಳು. ಎಳೆದು ಮುಗಿಸಿ ಆ ಕಾಲನ್ನು ನೋಡಲಾರದೆ ಸೀರೆಯ ನಿರಿಗೆ ಕೆಳಗೆ ಬಿಟ್ಟಳು.

ಬಸ್ಸು ಹತ್ತುವಾಗ ಪೂನಂಗೆ ಕೆಂಪು ಕಂಡಿತು. ಬಾವು ಇಳಿಯಲಿ ಅಂತ ಅತ್ತೆ ಕೆಮ್ಮಣ್ಣು ಹಚ್ಚಿಕೊಂಡಿದ್ದಾಳೆ ಅಂದುಕೊಂಡು ಸುಮ್ಮನಾದಳು. ಸಸ್ತಾಪುರ ಬಂಗ್ಲಾ, ರಾಜೇಶ್ವರ, ಬಸ್ಸು ನಿಂತು ನಿಂತು ಹೋಯಿತು. ಪಕ್ಕದ ಸೀಟಿನವಳು ಮಾಣಿಕನಗರಕ್ಕೆ ಹೊರಟವಳು, ನೀವೂ ಮಠಕ್ಕೇನು ಅಂತ ಕೇಳಿದಳು. ಧೂಳಮ್ಮ ಹೌದು ಅಂದಳು. ಹುಮನಾಬಾದಿನಲ್ಲಿ ಇಳಿದು, ಸ್ಕ್ಯಾನಿಂಗ್ ಸೆಂಟರಿನ ಮೆಟ್ಟಿಲು ಏರುವಾಗ, ಎರಡು ಕಾಲಿನಿಂದ ಏರುವುದು ಇದೇ ಕಡೆಯದು ಅಂತ ಒಂದೊಂದು ಮೆಟ್ಟಿಲಿಗೂ ಎರಡೂ ಪಾದ ಊರಿ ಏರಿದಳು. ಏಳು ಮೆಟ್ಟಿಲು.

ಒಳಗೆ ಬೆಂಚಿನ ತುಂಬ ಬಸುರಿಯರು. ಹೊಟ್ಟೆಯಲ್ಲಿರುವುದು ಗಂಡೋ ಹೆಣ್ಣೋ ಇಲ್ಲಿ ಹೇಳುವುದಿಲ್ಲ ಅಂತ ಗೋಡೆಗೆ ಬರೆದಿತ್ತು. ಪೂನಂ ಅದನ್ನು ಓದಿ ಹೇಳಿದಳು, ಅತ್ತೆ ನಗಲಿಲ್ಲ. ಹೆಸರು ಕೂಗುವವಳು ಯಶೋದಾಬಾಯಿ ಅಂತ, ನಡುವಯಸ್ಸಿನವಳು. ಹನ್ನೆರಡರ ಸುಮಾರಿಗೆ ಧೂಳಮ್ಮನ ಹೆಸರು ಬಂತು.

ಕೋಣೆ ಕತ್ತಲೆ, ತಂಪು. ಮಂಚದ ಮೇಲೆ ಕೆಂಪು ರೆಕ್ಸಿನ್ನು. ಆಕೆ ಮಲಗಿದಳು. ಯಶೋದಾಬಾಯಿ ನಿರಿಗೆ ಸರಿಸಿ, ಇದೇನು ಬಣ್ಣ ಅಂತ ಗೊಣಗಿ ಹಸಿ ಬಟ್ಟೆ ತಂದಳು. ಧೂಳಮ್ಮ ಎದ್ದು ಕೂತು ಆಕೆಯ ಕೈ ಹಿಡಿದಳು.

"ಒರಸಬ್ಯಾಡ್ರಿ ಬಾಯಿ. ಅದು ಗುರ್ತ."

"ಎದರ ಗುರ್ತ?"

"ತೆಗೀಬೇಕಾದ್ದು ಈ ಕಾಲು ಅಂತ. ಹಾಳಿ ನೋಡಿ ತೆಗೀಬ್ಯಾಡ್ರಿ, ಹಾಳ್ಯಾಗ ಎಡಗಾಲು ಬಂದದ. ಎಡಗಾಲು ಚೊಲೊ ಅದ್ರಿ. ಅದೊಂದರ ನನಗಿರಲಿ."

ಯಂತ್ರದ ಮುಂದೆ ಕೂತಿದ್ದ ಡಾಕ್ಟರಮ್ಮ ತಿರುಗಿದರು. ಬಾಗಿಲ ಹತ್ತಿರ ನಿಂತಿದ್ದ ಪೂನಂ ಮುಂದೆ ಬಂದಳು. ಕಾಲು ತೆಗೆಯುತ್ತಾರೆ ಅಂತ ನಿಮಗೆ ಯಾರು ಹೇಳಿದರು ಅಂತ ಕೇಳಿದಳು. ಧೂಳಮ್ಮ ಬಸವಕಲ್ಯಾಣದ ಡಾಕ್ಟರ ಮಾತನ್ನು ಒಂದಕ್ಷರ ಬಿಡದೆ ಹೇಳಿದಳು. ಐದು ದಿನದಿಂದ ಆಕೆಗೆ ಬೇರೇನೂ ಕೇಳಿಸಿರಲಿಲ್ಲ.

ಡಾಕ್ಟರಮ್ಮ ನಗಲಿಲ್ಲ. ಕುರ್ಚಿ ಎಳೆದುಕೊಂಡು ಹತ್ತಿರ ಬಂದರು. "ತಾಯಿ, ತೆಗೀಬೇಕು ಅಂದದ್ದು ಕಾಲಲ್ಲ, ಕಾಲಿನ ಚಿತ್ರ. ಈ ಕೋಣ್ಯಾಗ ಚಾಕೂನೂ ಇಲ್ಲ, ಕತ್ರೀನೂ ಇಲ್ಲ. ಯಶೋದಾಬಾಯಿ, ಕಪಾಟ ತೆಗದು ತೋರಸ್ರಿ."

ಯಶೋದಾಬಾಯಿ ಕಪಾಟು ತೆರೆದಳು. ಧೂಳಮ್ಮ ನಿಧಾನವಾಗಿ ನೋಡಿದಳು. ಮೇಲಿನ ಸಾಲಿನಲ್ಲಿ ಬಾಟಲಿ, ಕೆಳಗಿನದರಲ್ಲಿ ಕಾಗದದ ಸುರುಳಿ, ಅದರ ಕೆಳಗೆ ಮಡಚಿದ ಬಟ್ಟೆ. ಬೇರೇನೂ ಇರಲಿಲ್ಲ. ಮೈಯೆಲ್ಲ ಸಡಿಲಾಗಿ ಗೋಡೆಗೆ ಒರಗಿದಳು. ಆದರೆ ಐದು ದಿನದ ಅನುಮಾನ ಅಷ್ಟು ಸುಲಭವಾಗಿ ಬಿಡಲಿಲ್ಲ. ಸೊಸೆಯ ಕಡೆ ತಿರುಗಿದಳು.

"ಹಂಗಾರ ನೀ ಗಿಡದ ಬುಡಕ ನಿಂತು ಸೂರ್ಯಕಾಂತಗ ಏನ್ ಹೇಳಾಕತ್ತಿದ್ದಿ? ಅತ್ತಿಗಿ ಹೇಳಿಲ್ಲ ಅಂದದ್ದು ಏನು?"

ಪೂನಂ ಡಾಕ್ಟರಮ್ಮನನ್ನು ನೋಡಿದಳು. ಆಮೇಲೆ ನೆಲ ನೋಡಿದಳು.

"ಎಲಬಿನಾಗ ಗಡ್ಡಿ ಇರಬಹುದು ಅಂದ್ರು ಅತ್ತಿ. ಕೆಟ್ಟ ಗಡ್ಡಿ."

ಕೆಟ್ಟ ಗಡ್ಡೆ ಅಂದರೆ ಏನು ಅಂತ ಆ ಕೋಣೆಯಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಕಾಲು ಹೋಗುವುದಿಲ್ಲ ಅನ್ನುವ ಸಮಾಧಾನ ಬಂದು ಎರಡು ನಿಮಿಷ ಆಗಿರಲಿಲ್ಲ, ಈಗ ಜೀವದ ಮಾತೇ ಬಂತು. ಧೂಳಮ್ಮ ಅಳಲಿಲ್ಲ. ನೀನು ಒಬ್ಬಳೇ ಇದನ್ನು ಐದು ದಿನ ಹೊತ್ತುಕೊಂಡು ತಿರುಗಿದೆಯಾ ಅಂತ ಕೇಳಿದಳು. ಆಮೇಲೆ ಮಲಗಿ, ಒರೆಸಿರಿ ಅಂದಳು.

ಎಣ್ಣೆಯಲ್ಲಿ ಕಲಸಿದ ಜಾಜು ಬೇಗ ಹೋಗಲಿಲ್ಲ. ಮೂರು ಬಟ್ಟೆ ಕೆಂಪಾದವು.

ಡಾಕ್ಟರಮ್ಮ ಅಂಗಾಲಿನ ಅಂಚಿಗೆ ತಣ್ಣನೆಯ ಲೋಳೆ ಹಾಕಿ, ಸಾಬೂನಿನ ಬಿಲ್ಲೆಯಂಥ ಒಂದನ್ನು ಒತ್ತಿ ಸರಿಸತೊಡಗಿದರು. ಬಾವಿನ ಮೇಲೆ ಬಂದಾಗ ಧೂಳಮ್ಮ ಹಲ್ಲು ಕಚ್ಚಿದಳು. ಪರದೆಯ ಮೇಲೆ ಬೂದಿ ಚೆಲ್ಲಿದ ಹಾಗೆ ಏನೋ ಅಲುಗಾಡುತ್ತಿತ್ತು. ಡಾಕ್ಟರಮ್ಮ ಒಂದೇ ಜಾಗದಲ್ಲಿ ಉದ್ದಕ್ಕೆ ಹಿಡಿದರು, ಅಡ್ಡಕ್ಕೆ ಹಿಡಿದರು, ಮತ್ತೆ ಉದ್ದಕ್ಕೆ. ಹೊತ್ತು ಹಿಡಿದಷ್ಟೂ ಪೂನಂಳ ಕೈ ಅತ್ತೆಯ ರಟ್ಟೆಯ ಮೇಲೆ ಬಿಗಿಯಾಯಿತು. ಧೂಳಮ್ಮ ಪರದೆ ನೋಡಲಿಲ್ಲ. ಡಾಕ್ಟರಮ್ಮನ ಹುಬ್ಬು ನೋಡುತ್ತಿದ್ದಳು. ಆಡಿನ ಹೊಟ್ಟೆ ಮುಟ್ಟಿ ನೋಡುವ ವ್ಯಾಪಾರಿಯ ಹುಬ್ಬಿನಲ್ಲಿ ಮೊದಲು ಗೊತ್ತಾಗುತ್ತದೆ, ಬಾಯಲ್ಲಿ ಆಮೇಲೆ.

ಹುಬ್ಬು ಸಡಿಲಾಯಿತು.

"ಬರಿಗಾಲಿಲೆ ಅಡ್ಡಾಡ್ತೀರೇನು?"

"ಚಪ್ಪಲಿ ಇರ್ತಾವ್ರಿ. ಕೆಸರಾಗ ಕೈಯಾಗ ಹಿಡಕೋತೀನಿ."

ಡಾಕ್ಟರಮ್ಮ ಪರದೆಯನ್ನು ಆಕೆಯ ಕಡೆ ತಿರುಗಿಸಿದರು. ಬೂದಿಯ ನಡುವೆ ಒಂದು ಬಿಳಿ ಗೆರೆ, ನೆಟ್ಟಗೆ, ಸೂಜಿಯ ಹಾಗೆ. ಅದರ ಕೆಳಗೆ ಕರಿ ನೆರಳು. ಅದು ಮುಳ್ಳು ಅಂದರು. ಜಾಲಿಯದಿರಬಹುದು, ಬೆರಳಿನ ಒಂದು ಗೆಣ್ಣಿನಷ್ಟಿದೆ, ಎಲುಬಿಗೆ ತಾಗಿ ಕೂತಿದೆ. ಎಕ್ಸರೇಯಲ್ಲಿ ಎಲುಬು ಕಾಣುತ್ತದೆ, ಕಬ್ಬಿಣ ಕಾಣುತ್ತದೆ, ಗಾಜೂ ಕಾಣುತ್ತದೆ, ಕಟ್ಟಿಗೆ ಕಾಣುವುದಿಲ್ಲ; ಹಾಗಾಗಿ ಬಸವಕಲ್ಯಾಣದ ಡಾಕ್ಟರಿಗೆ ಎಲುಬಿನ ಕಪ್ಪು ಕಂಡಿತು, ಮುಳ್ಳು ಕಾಣಲಿಲ್ಲ. ಈ ಯಂತ್ರ ಕಟ್ಟಿಗೆಯನ್ನೂ ಹಿಡಿಯುತ್ತದೆ ಅಂತ ಸಾವಕಾಶವಾಗಿ ತಿಳಿಸಿ ಹೇಳಿದರು. ಯಾವಾಗ ಚುಚ್ಚಿತ್ತು ಅಂತ ಕೇಳಿದರು.

"ಯಾವ ಮುಳ್ಳಂತ ಹೇಳ್ಲಿ ಬಾಯಿ? ಆಡು ಕಾಯೋರು ಮುಳ್ಳಿನ ಲೆಕ್ಕ ಇಡ್ತಾರೇನ್ರಿ?"

ಯಶೋದಾಬಾಯಿ ನಕ್ಕಳು. ಪೂನಂ ನಗಲು ಹೋಗಿ ಅತ್ತಳು. ಆದರೆ ಡಾಕ್ಟರಮ್ಮ ಮಾತು ಮುಗಿಸಿರಲಿಲ್ಲ. ಎಲುಬು ಕಪ್ಪಾದದ್ದು ಮುಳ್ಳಿನ ಕೀವಿನಿಂದಲೇ ಇರಬೇಕು, ಆದರೂ ನೂರಕ್ಕೆ ನೂರು ಅಂತ ಈಗಲೇ ಹೇಳಲು ಬರುವುದಿಲ್ಲ. ಮುಳ್ಳು ತೆಗೆಯುವಾಗ ಎಲುಬಿನ ಒಂದು ಚೂರು ಕೆರೆದು ಪರೀಕ್ಷೆಗೆ ಕಳಿಸಬೇಕು ಅಂದರು. ಕಾಲಿನ ಹೆದರಿಕೆಯೂ ಪೂರಾ ಹೋಗಲಿಲ್ಲ, ಗಡ್ಡೆಯ ಹೆದರಿಕೆಯೂ ಪೂರಾ ಹೋಗಲಿಲ್ಲ.

ಅಂದು ಪೂನಂಳ ತವರು ದುಬಲಗುಂಡಿಯಲ್ಲಿ ಉಳಿದು, ಮರುದಿನ ಹುಮನಾಬಾದಿನ ಒಂದು ನರ್ಸಿಂಗ್ ಹೋಮಿಗೆ ಹೋದರು. ಸಹಿ ಮಾಡುವ ಕಾಗದ ಬಂತು. ಧೂಳಮ್ಮ ಅದನ್ನು ಮಡಿಲಲ್ಲಿಟ್ಟುಕೊಂಡು ಸೊಸೆಗೆ ಆ ದಿನ ಮೊದಲ ಸಲ ತನ್ನ ಗಂಡನಿಗೆ ಹೇಳಿದ ಸುಳ್ಳಿನ ಕಥೆ ಹೇಳಿದಳು. ಪಟ್ಟಿ ಕಟ್ಟುತ್ತಾರೆ ಅಂತ ಹೇಳಿದ್ದು, ಅವನು ನಂಬಿದ್ದು, ಎಚ್ಚರಾಗಿ ಮುಖ ನೋಡಿದ್ದು. ಹೇಳಿ ಮುಗಿಸಿ, "ನನಗ ಹಂಗ ಮಾಡಬ್ಯಾಡ. ಇದರಾಗ ಏನ್ ಬರದದ ಅಷ್ಟೂ ಓದು. ಕೆಟ್ಟದ್ದಿದ್ರ ಜೋರಲೆ ಓದು" ಅಂದಳು.

ಪೂನಂ ಓದಿದಳು. ಅಗತ್ಯ ಬಿದ್ದರೆ ಡಾಕ್ಟರು ಬೇರೆ ಶಸ್ತ್ರಕ್ರಿಯೆಯನ್ನೂ ಮಾಡಬಹುದು ಅನ್ನುವ ಸಾಲಿನಲ್ಲಿ ಆಕೆಯ ದನಿ ಇಳಿಯಿತು. ಧೂಳಮ್ಮ ಆ ಸಾಲಿನ ಮೇಲೆ ಬೆರಳಿಟ್ಟು, ಬೇರೆ ಅಂದರೆ ಏನು, ಡಾಕ್ಟರನ್ನೇ ಕೇಳಿಕೊಂಡು ಬಾ ಅಂತ ಎಬ್ಬಿಸಿದಳು. ಡಾಕ್ಟರು ತಾವೇ ಬಂದು, ಆ ಸಾಲಿನ ಪಕ್ಕ ಮುಳ್ಳು ಮತ್ತು ಎಲುಬಿನ ಚೂರು ಮಾತ್ರ ಅಂತ ಬರೆದು ಸಹಿ ಮಾಡಿದರು. ಆಮೇಲೆ ಧೂಳಮ್ಮ ಸಹಿ ಮಾಡಿದಳು, ಮೂರಕ್ಷರ, ಒಂದೊಂದೇ. ಸೊಸೆ ತಲೆಯ ಹತ್ತಿರ ನಿಂತಿರಬೇಕು, ಇಲ್ಲದಿದ್ದರೆ ಮಲಗುವುದಿಲ್ಲ ಅಂತ ಹಟ ಹಿಡಿದಳು. ಅದಕ್ಕೂ ಒಪ್ಪಿದರು.

ಗಿಣ್ಣಿನ ಸುತ್ತ ಸೂಜಿ ಚುಚ್ಚಿ ಕಾಲನ್ನು ಜೋಮು ಮಾಡಿದರು. ಸೊಂಟದ ಮೇಲೆ, ಕಾಲು ಕಾಣದ ಹಾಗೆ, ಅಡ್ಡ ಹಸಿರು ಬಟ್ಟೆ ಕಟ್ಟಿದರು. ಮೊದಲು ಬೆರಳು ಹೋದವು, ಆಮೇಲೆ ಅಂಗಾಲು, ಆಮೇಲೆ ಹಿಮ್ಮಡಿ. ನೋವು ಹೋಯಿತು, ಅದರ ಜೊತೆ ಕಾಲೂ ಹೋಯಿತು. ಶಿವರಾತ್ರಿಯಿಂದ ಒಂದು ಗಳಿಗೆ ಬಿಡದೆ ಇದ್ದ ನೋವು ಇಲ್ಲವಾದಾಗ, ಹಸಿರು ಬಟ್ಟೆಯ ಆಚೆ ಏನಿದೆ ಅಂತ ಹೇಳುವವರೇ ಇಲ್ಲವಾದರು. ತಟ್ಟೆಯಲ್ಲಿ ಕಬ್ಬಿಣದ ಸಪ್ಪಳವಾಯಿತು. ಏನೋ ಕೆರೆದ ಸಪ್ಪಳವಾಯಿತು. ಬಸವಣಪ್ಪನಿಗೂ ಹೀಗೇ ಆಗಿತ್ತೋ, ಅವನೂ ಇದೇ ಸಪ್ಪಳ ಕೇಳಿದ್ದನೋ. ಧೂಳಮ್ಮನ ಹಣೆಯ ಬೆವರು ಕಿವಿಗೆ ಇಳಿಯಿತು.

"ಪೂನಂ."

"ಹಾಂ ಅತ್ತಿ."

"ಕಾಲು ಅದಾ?"

"ಅದರಿ."

"ನೋಡಿ ಹೇಳು."

ಪೂನಂ ಬಟ್ಟೆಯ ಆಚೆ ಬಗ್ಗಿ ನೋಡಿದಳು. ರಕ್ತ ನೋಡಿದರೆ ತಲೆ ತಿರುಗುವವಳು ಅವಳು. ಒಂದು ಕೈಯಿಂದ ಮಂಚ ಹಿಡಿದುಕೊಂಡು ನೋಡಿದಳು.

"ಅದರಿ. ಐದೂ ಬೆರಳು ಅದಾವ. ಅಂಚಿಗಿ ಕೊಯ್ದಾರ, ರಗತ ಬರಾಕತ್ತದ. ಚಿಮಟಾ ಹಾಕ್ಯಾರ. ಬಂತರಿ, ಮುಳ್ಳು ಬಂತು. ಕರ್ರಗ ಅದ. ಈಗ ಎಲಬು ಕೆರೆಯಾಕತ್ತಾರ. ನನಗ ಇನ್ನ ನಿಲ್ಲಾಕ ಆಗಂಗಿಲ್ಲ ಅತ್ತಿ."

"ಕೂಡು" ಅಂದಳು ಧೂಳಮ್ಮ. ಪೂನಂ ಮಂಚದ ಕಾಲಿಗೆ ಒರಗಿ ನೆಲದ ಮೇಲೆ ಕೂತಳು. ಅತ್ತೆಯ ಕೈ ಕೆಳಗಿಳಿದು ಅವಳ ತಲೆಯ ಮೇಲೆ ಇತ್ತು, ಹೊಲಿಗೆ ಮುಗಿಯುವ ತನಕ.

ಸಂಜೆ ನಾಲ್ಕಕ್ಕೆ ಕಾಲಿಗೆ ಜೀವ ಬಂತು. ಮೊದಲು ಹಿಮ್ಮಡಿಯಲ್ಲಿ ಇರುವೆ ಹರಿದ ಹಾಗೆ, ಆಮೇಲೆ ಅಂಚಿನಲ್ಲಿ ಬೆಂಕಿ. ನರ್ಸು ನೋವಿನ ಗುಳಿಗೆ ತಂದಳು. ಧೂಳಮ್ಮ ಅದನ್ನು ಕೈಯಲ್ಲಿ ಹಿಡಿದುಕೊಂಡು, ಬಿಳಿ ಪಟ್ಟಿಯ ತುದಿಯಲ್ಲಿ ಕಾಣುತ್ತಿದ್ದ ಬೆರಳುಗಳನ್ನು ಒಂದೊಂದಾಗಿ ಅಲುಗಾಡಿಸಿ ನೋಡಿ, ಎಲ್ಲವೂ ನೋಯುತ್ತವೆ ಅಂತ ಖಾತ್ರಿ ಮಾಡಿಕೊಂಡ ಮೇಲೆ ನುಂಗಿದಳು.

ಎಲುಬಿನ ಚೂರಿನ ಪರೀಕ್ಷೆ ಬರಲು ಹತ್ತು ದಿನ ಹಿಡಿಯಿತು. ಆ ಹತ್ತು ದಿನದಲ್ಲಿ ಮನೆಯಲ್ಲಿ ಯಾರೂ ಗಿಡದ ಕೆಳಗೆ ನಿಂತು ಫೋನು ಮಾಡಲಿಲ್ಲ. ಸೂರ್ಯಕಾಂತನ ಫೋನು ಬಂದರೆ ಪೂನಂ ಅತ್ತೆಯ ಪಕ್ಕ ಕೂತೇ ಮಾತಾಡುತ್ತಿದ್ದಳು. ಇಬ್ಬರಿಗೂ ನಿದ್ದೆ ಕಡಿಮೆಯಾಗಿತ್ತು, ಇಬ್ಬರೂ ಅದನ್ನು ಒಪ್ಪಿಕೊಳ್ಳುತ್ತಿದ್ದರು.

ಹತ್ತನೇ ದಿನ ಹೊಲಿಗೆ ಬಿಚ್ಚಿಸಲು ಹೋದಾಗ ಕಾಗದ ಕೊಟ್ಟರು. ಡಾಕ್ಟರು, ಗಡ್ಡೆ ಇಲ್ಲ, ಮುಳ್ಳಿನ ಕೀವಷ್ಟೇ ಅಂದರು. ಧೂಳಮ್ಮ ತಲೆಯಾಡಿಸಿದಳು, ಕೈ ಮುಗಿದಳು, ಆದರೆ ಮುಖ ಸಡಿಲಾಗಲಿಲ್ಲ. ಹೊರಗೆ ಬಂದು ಬೆಂಚಿನ ಮೇಲೆ ಕೂತು, ಓದು ಅಂತ ಕಾಗದವನ್ನು ಸೊಸೆಯ ಕೈಗೆ ಕೊಟ್ಟಳು. ಇಂಗ್ಲಿಷಿನಲ್ಲಿತ್ತು. ಪೂನಂ ಒಂದೊಂದು ಮಾತನ್ನೂ ಕೂಡಿಸಿ ಓದಿ, ಗೊತ್ತಿದ್ದದ್ದಕ್ಕೆ ಕನ್ನಡ ಹೇಳಿದಳು, ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಅಂದಳು. ಕಡೆಯ ಸಾಲಿಗೆ ಬೆರಳಿಟ್ಟು, ಇಲ್ಲಿ ಕೆಟ್ಟ ಗಡ್ಡೆ ಕಾಣಲಿಲ್ಲ ಅಂತ ಬರೆದಿದ್ದಾರೆ ಅಂದಳು.

"ಇನ್ನೊಂದು ಸಲ ಓದು" ಅಂದಳು ಧೂಳಮ್ಮ.

ಪೂನಂ ಮೊದಲಿನಿಂದ ಓದಿದಳು. ಎರಡನೇ ಸಲವೂ ಅದೇ ಬಂತು. ಧೂಳಮ್ಮ ಬಲಗಾಲನ್ನು ನೆಲಕ್ಕೆ ಊರಿದಳು, ಹಿಮ್ಮಡಿ ಮೊದಲು, ಆಮೇಲೆ ಅಂಚು, ಆಮೇಲೆ ಬೆರಳು, ಭಾರವೆಲ್ಲ ಅದರ ಮೇಲೆ ಬಿಟ್ಟು ಎದ್ದಳು.